ಯಾರೂ ಬಿಚ್ಚದ ಗೈಡು

ಪುಸ್ತಕಗಳ ಹೊಟ್ಟೆಯಲ್ಲಿ ಏನೇನಿರುತ್ತದೆ ಎಂಬುದು ಓದುವವರಿಗಿಂತ ಬೈಂಡಿಂಗ್ ಮಾಡುವವರಿಗೆ ಚೆನ್ನಾಗಿ ಗೊತ್ತು. ಒಣಗಿದ ಹೂವು, ಬಸ್ ಟಿಕೆಟು, ಯಾರದೋ ಕೂದಲು, ಕಾಫಿ ಲೋಟ ಇಟ್ಟ ಉಂಗುರದ ಕಲೆ, ಇವನ್ನೆಲ್ಲ ಬೈಂಡರಮ್ಮ ಲೆಕ್ಕಕ್ಕೇ ಇಡುತ್ತಿರಲಿಲ್ಲ. ಬೀಗದ ಕೈ ಮಾಡುವವನ ಅಂಗಡಿಗೂ ಮೊಬೈಲ್ ರಿಪೇರಿಯವನ ಅಂಗಡಿಗೂ ನಡುವೆ ಅವಳದೊಂದು ಉದ್ದನೆಯ ಕೋಣೆ. ಅಪ್ಪನ ಕಾಲದ ಕಬ್ಬಿಣದ ಪ್ರೆಸ್ಸು, ಅಂಟಿನ ಡಬ್ಬಿ, ನೂಲಿನ ಉಂಡೆಗಳು, ಕಿಟಕಿಯ ಪಕ್ಕಕ್ಕೆ ಕುತ್ತಿಗೆ ಬಗ್ಗಿಸಿ ನಿಂತ ಒಂದು ಮೇಜುದೀಪ. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಿ ದೊಡ್ಡವಳನ್ನಾಗಿ ಮಾಡಿದ್ದು ಈ ಕೋಣೆಯೇ.

ಆದರೆ ವಿಡಿಯೋ ಗೇಮ್ ಗೈಡುಗಳ ಗಲೀಜು ಬೇರೆಯದೇ ಜಾತಿ. ಇಟ್ಟಿಗೆಯಷ್ಟು ದಪ್ಪ, ನುಣುಪಾದ ಬಣ್ಣದ ಹಾಳೆ, ಪುಟಪುಟಕ್ಕೂ ನಕ್ಷೆ. ಯಾವ ಬಾಗಿಲ ಹಿಂದೆ ಯಾವ ರಾಕ್ಷಸ, ಯಾವ ಪೆಟ್ಟಿಗೆಯಲ್ಲಿ ಯಾವ ಕತ್ತಿ ಎಂದು ಹೇಳುವ ಪುಸ್ತಕಗಳು ಅವು. ಒಂದು ಕಾಲದ ಮಕ್ಕಳು ಅವನ್ನು ತೊಡೆಯ ಮೇಲೆ ಹರಡಿಕೊಂಡು ಆಡಿದ್ದರು. ಆಡುತ್ತಾ ತಿಂದಿದ್ದರು, ತಿಂದ ಕೈಯಲ್ಲೇ ಪುಟ ತಿರುವಿದ್ದರು. ಚೂಯಿಂಗ್ ಗಮ್ಮು ಅಂಟಿ ಎರಡು ಹಾಳೆ ಒಂದಾಗಿರುತ್ತಿದ್ದವು. ಮಡಿಕೆಯಲ್ಲಿ ಬಿಸ್ಕತ್ತಿನ ಪುಡಿ, ಕಚ್ಚಿ ತೆಗೆದ ಉಗುರು, ರಕ್ತ ಕುಡಿದ ಹೊತ್ತಿಗೇ ಪಟ್ಟೆಂದು ಏಟು ತಿಂದ ಸೊಳ್ಳೆ. ಇನ್ನು ಪುಟದ ಕೆಳಮೂಲೆಗಳಲ್ಲಿ ಸಾಲಾಗಿ ಒರೆಸಿದ್ದ ಮೂಗಿನ ಗೊಣ್ಣೆಯನ್ನು ಮೊದಲ ಸಲ ಕಂಡಾಗ ಅವಳು ಕೈಗವಸು ಕಿತ್ತೆಸೆದು ಹಿಂದಿನ ನಲ್ಲಿಯ ಹತ್ತಿರ ಓಡಿದ್ದಳು. ಬೆಳಗಿನ ತಿಂಡಿ ಹೊರಗೆ ಬಂದಿತ್ತು.

ಈ ಕೆಲಸ ತಂದುಕೊಟ್ಟವನ ನಿಜವಾದ ಹೆಸರನ್ನು ಅವಳು ಬಾಯಿಬಿಟ್ಟು ಕರೆದದ್ದೇ ಇಲ್ಲ. ಮನೆಯಲ್ಲಿ ಅಮ್ಮ ಮಗಳು ಅವನಿಗಿಟ್ಟ ಹೆಸರು ಪಳಪಳ. ಬೂಟು ಪಳಪಳ, ಕಾರು ಪಳಪಳ, ಹಲ್ಲೂ ಅಷ್ಟೆ. ಮೊದಲ ದಿನ ಅವನು ರಟ್ಟಿನ ಪೆಟ್ಟಿಗೆಯನ್ನು ಬಾಗಿಲಲ್ಲೇ ಇಳಿಸಿ, ಒಳಗೆ ಬರುವ ಮೊದಲು ಕರವಸ್ತ್ರದಿಂದ ಕುರ್ಚಿ ಒರೆಸಿಕೊಂಡಿದ್ದ.

"ಅಕ್ಕಾ, ನಿಮ್ಮ ಕೈಗುಣದ ಬಗ್ಗೆ ತುಂಬ ಕೇಳಿದೀನಿ," ಎಂದ. "ಇವನ್ನೆಲ್ಲ ನನಗೆ ಹೊಸದರ ಹಾಗೆ ಮಾಡ್ಕೊಡ್ಬೇಕು. ಕಲೆ ಹೋಗ್ಬೇಕು, ಸುಕ್ಕು ಹೋಗ್ಬೇಕು, ಪೆನ್ಸಿಲಲ್ಲಿ ಏನಾದ್ರೂ ಗೀಚಿದ್ರೆ ಅದೂ ಹೋಗ್ಬೇಕು. ಮನುಷ್ಯರು ಮುಟ್ಟಿದ ಗುರುತೇ ಇರಬಾರದು."

"ಇದನ್ನ ಈಗ ಯಾರು ಓದ್ತಾರೆ?"

"ಓದೋ ಮಾತು ಬಿಡಿ ಅಕ್ಕಾ. ಇಷ್ಟಪಡೋ ಜನ ಇದಾರೆ. ನಿಮಗ್ಯಾಕೆ ಆ ತಲೆನೋವು?"

ಮಗಳು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ದಿನವಿಡೀ ಊರಿನವರ ರಕ್ತ, ಮೂತ್ರ ನೋಡಿಕೊಂಡು ಬರುವ ಅವಳಿಗೆ ಗೊಣ್ಣೆಯಿಂದ ಏನೂ ಆಗುತ್ತಿರಲಿಲ್ಲ. ಆದರೆ ವ್ಯಾಪಾರ ಕಂಡು ಅವಳು ಮೂಗು ಮುರಿದಳು.

"ಇದೆಲ್ಲ ಫೋನಲ್ಲೇ ಸಿಗುತ್ತಮ್ಮ, ಪುಕ್ಕಟೆ. ಎಲ್ಲಿ ಸಿಕ್ಕಿಹಾಕ್ಕೊಂಡೆ ಅಂತ ಟೈಪ್ ಮಾಡಿದ್ರೆ ಮುಗೀತು. ದುಡ್ಡು ಕೊಟ್ಟು ಪೇಪರ್ ಗೈಡು ಕೊಳ್ಳೋ ಪುಣ್ಯಾತ್ಮ ಈ ಭೂಮಿ ಮೇಲೆ ಇನ್ನೂ ಇದಾನಾ?"

"ಇದಾನೆ ಅಂತ ಪಳಪಳ ಹೇಳ್ತಾನೆ."

"ಅವನು ಹೇಳ್ತಾನೆ, ನೀನು ನಂಬು."

ನಂಬುವ ಬಿಡುವ ಮಾತಿರಲಿಲ್ಲ, ಕೆಲಸ ಬಂದಿತ್ತು. ಬೈಂಡರಮ್ಮ ಮಾಡಿದಳು. ಜಿಡ್ಡಿನ ಕಲೆಯ ಮೇಲೆ ಪೌಡರು ಉದುರಿಸಿ, ಮೇಲೊಂದು ತೆಳುಹಾಳೆ ಹಾಕಿ ಮಂದ ಬಿಸಿಯ ಇಸ್ತ್ರಿ ಇಡುವುದು. ಗಮ್ಮನ್ನು ತಣ್ಣಗೆ ಮಾಡಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿಡಿಸುವುದು. ಹರಿದ ಮೂಲೆಗೆ ಹೊಂದುವ ಕಾಗದ ಹುಡುಕಿ, ಅಂಚನ್ನು ತೆಳ್ಳಗೆ ಕೆರೆದು ಅಂಟಿಸುವುದು. ಹಾಳೆಯ ಅಂಚಿನಿಂದ ಒಳಕ್ಕೆ ಸಣ್ಣಸಣ್ಣ ವೃತ್ತ ಹಾಕುತ್ತಾ ರಬ್ಬರಿನಿಂದ ಉಜ್ಜುವುದು. ಹೀಗೆ ಉಜ್ಜುವುದನ್ನು ಅಪ್ಪ ಕಲಿಸಿದ್ದ. ಬೇರೆ ಯಾರೂ ಹೀಗೆ ಉಜ್ಜುವುದಿಲ್ಲ.

ಗೀಚಿದ್ದೇನು ಕಡಿಮೆಯೇ! ಮಕ್ಕಳು ಪುಸ್ತಕದ ಜೊತೆ ಮಾತಾಡಿದ್ದರು. "ಇವನು ಮೋಸಗಾರ, ನಂಬಬೇಡ." "ಇಲ್ಲಿ ಸತ್ತೆ. ಇಲ್ಲೂ ಸತ್ತೆ." "ಅಮ್ಮ ಕರೀತಿದಾಳೆ, ಇಲ್ಲಿಗೆ ನಿಲ್ಲಿಸಿದೀನಿ." ಅವಳು ಓದುತ್ತಿದ್ದಳು, ಒಮ್ಮೊಮ್ಮೆ ನಗುತ್ತಿದ್ದಳು, ಆಮೇಲೆ ಉಜ್ಜುತ್ತಿದ್ದಳು. ಒಂದು ಸಲ ಪಳಪಳನ ಕಾರಿನಲ್ಲಿ ತೆಳು ಪ್ಲಾಸ್ಟಿಕ್ಕಿನ ಸುರುಳಿಯೂ ಬಿಸಿಗಾಳಿಯ ಯಂತ್ರವೂ ಕಂಡವು. ಏನಿದು ಎಂದರೆ "ಧೂಳು ಕೂರಬಾರದಲ್ವಾ ಅಕ್ಕಾ" ಎಂದ. ಧೂಳಿಗೆ ಇಷ್ಟೊಂದು ಏರ್ಪಾಟೇ ಎಂದು ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಅಲ್ಲಿಗೇ ಬಿಟ್ಟಳು.

ಹೀಗಿರುವಾಗ ಒಂದು ಬೆಳಿಗ್ಗೆ ವಯಸ್ಸಾದ ದಂಪತಿ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಗಂಡ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು, ಈಗ ನಿವೃತ್ತರು. ದಪ್ಪ ಕನ್ನಡಕ, ಬೆರಳುಗಳ ಸಂದಿಯಲ್ಲಿ ಇನ್ನೂ ಹೋಗದ ಗ್ರೀಸಿನ ಕಪ್ಪು. ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಮಾತು ಗಂಟೆ ಬಾರಿಸಿದ ಹಾಗೆ ಸ್ಪಷ್ಟ. ಅವರು ಎದೆಗೆ ಅವಚಿಕೊಂಡ ಬಟ್ಟೆಚೀಲದಲ್ಲಿ ಒಂದು ಗೇಮ್ ಗೈಡು.

"ನೀವು ಹಳೇ ಕಾಗದದ ಕೆಲಸ ಮಾಡ್ತೀರಂತೆ," ಎಂದರು ಹೆಂಡತಿ. "ಇದ್ರಲ್ಲಿ ಯಾರೋ ಬರೆದು ಅಳಿಸಿದಾರೆ. ಅದನ್ನ ಓದೋಕಾಗುತ್ತಾ?"

"ಮೊದಲು ಕಥೆ ಹೇಳೇ," ಎಂದರು ಗಂಡ. "ಸುಮ್ನೆ ಓದಿ ಅಂದ್ರೆ ಹೆಂಗೆ?"

ಕಥೆ ಇಷ್ಟು. ಕಣ್ಣಿನ ಆಪರೇಷನ್ ಆಗಿ ಮನೆಯಲ್ಲಿ ಕೂತ ಮೆಕ್ಯಾನಿಕ್ಕರಿಗೆ ಅಕ್ಕನ ಮೊಮ್ಮಗ ತನ್ನ ಹಳೆಯ ಗೇಮ್ ಯಂತ್ರ ಕೊಟ್ಟು ಹೋಗಿದ್ದ. ದೊಡ್ಡ ಟೀವಿಯಲ್ಲಿ ಓಡಾಡುವ ಬೊಂಬೆ ಅವರಿಗೆ ಕಾಣುತ್ತಿತ್ತು, ಆದರೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ನೀರಿನಲ್ಲಿ ಮುಳುಗಿದ ಒಂದು ಊರಿನ ಆಟ ಅದು. ಅಲ್ಲಿ ದಾರಿ ತಪ್ಪಿ ಒದ್ದಾಡುವಾಗ ಹೆಂಡತಿ ಫೋನಿನಲ್ಲಿ ಹುಡುಕಿ ಹೇಳಲು ನೋಡಿದ್ದರು.

"ಅಯ್ಯೋ, ಆ ಫೋನಿನ ಸಹವಾಸ ಬೇಡ!" ಎಂದರು ಹೆಂಡತಿ. "ಒಬ್ಬ ಹುಡುಗ ಬಂದು ಕಿವಿ ಕಿತ್ತುಹೋಗೋ ಹಾಗೆ ಕಿರುಚ್ತಾನೆ. ಲೈಕ್ ಮಾಡಿ ಅಂತಾನೆ, ಎಣ್ಣೆ ಮಾರ್ತಾನೆ, ಜೂಜಾಡಿ ಅಂತಾನೆ, ಬಾಗಿಲು ಎಲ್ಲಿದೆ ಅಂತ ಮಾತ್ರ ಹೇಳಲ್ಲ. ಒಂದು ಸಾಲು ಓದೋದ್ರಲ್ಲಿ ಹಲ್ಲುನೋವಿನ ಜಾಹೀರಾತು ಬಂದು ಮುಚ್ಕೊಳ್ಳುತ್ತೆ. ಅದಕ್ಕೇ ಪುಸ್ತಕ ಕೊಂಡ್ವಿ. ಓದೋದು ನಾನು, ಆಡೋದು ಇವರು. ನಕ್ಷೆ ಇಬ್ಬರ ಮಂಡಿ ಮೇಲೂ ಹರಡ್ಕೊಳ್ಳುತ್ತೆ. ಎಷ್ಟು ಚೆನ್ನಾಗಿತ್ತು ಗೊತ್ತಾ!"

"ಇತ್ತು, ಗಂಟೆ ಗೋಪುರದ ತನಕ," ಎಂದರು ಗಂಡ.

ಗಂಟೆ ಗೋಪುರದ ಸರಪಳಿ ಎಳೆದರೆ ನೀರು ಇಳಿಯುತ್ತದೆ ಎಂದು ಪುಸ್ತಕ ಹೇಳಿತ್ತು. ಎಳೆದರು, ಇಳಿಯಲಿಲ್ಲ. ಫೋನಿನಲ್ಲಿ ನೋಡಿದರೆ ಎಲ್ಲ ಕಡೆಯೂ ಇದೇ ಪುಸ್ತಕದ ಮಾತನ್ನು ಕದ್ದು, ತಪ್ಪಿನ ಸಮೇತ ಹಾಕಿಕೊಂಡಿದ್ದರು. ಆಗ ಹೆಂಡತಿಗೆ ಪುಟದ ಅಂಚಿನಲ್ಲಿ ಅಕ್ಷರದ ಗೀರಿನಂಥದ್ದೇನೋ ಬೆರಳಿಗೆ ತಾಗಿತ್ತು.

"ಹೊಸದು, ಯಾರೂ ಬಿಚ್ಚೇ ಇಲ್ಲ ಅಂತ ಭಾನುವಾರದ ಹಳೇ ಗೇಮ್ ಸಂತೇಲಿ ಒಬ್ಬ ಕೊಟ್ಟಿದ್ದ," ಎಂದರು ಮೆಕ್ಯಾನಿಕ್. "ಪ್ಲಾಸ್ಟಿಕ್ ನಾನೇ ಹರಿದೆ. ಹೊಸ ಪುಸ್ತಕದಲ್ಲಿ ಯಾರು ಬರೆದು ಯಾರು ಅಳಿಸಿದ್ರು?"

ಬೈಂಡರಮ್ಮ ಗೈಡನ್ನು ಕೈಗೆ ತೆಗೆದುಕೊಂಡಳು. ಬೆನ್ನು ಮುಟ್ಟಿದ ಕೂಡಲೇ ಅವಳಿಗೆ ತಿಳಿಯಿತು. ಹೆತ್ತವಳಿಗೆ ಕತ್ತಲಲ್ಲಿ ಮಗುವಿನ ತಲೆ ಸಿಕ್ಕಿದ ಹಾಗೆ. ಬಲಮೂಲೆಯಲ್ಲಿ ತಾನೇ ಅಂಟಿಸಿದ, ಕೂದಲೆಳೆಯಷ್ಟು ಹೆಚ್ಚು ಬೆಳ್ಳಗಿರುವ ತುಂಡು. ಮಡಿಕೆಯಲ್ಲಿ ತನ್ನದೇ ಪೌಡರಿನ ವಾಸನೆ. ಅಂಚಿನಿಂದ ಒಳಕ್ಕೆ ತನ್ನ ಸಣ್ಣಸಣ್ಣ ವೃತ್ತಗಳು. ಅವಳ ಕಿವಿ ಬಿಸಿಯಾದವು. ಮೇಜುದೀಪ ಹಚ್ಚಿ, ಅದರ ಕುತ್ತಿಗೆಯನ್ನು ಇನ್ನಷ್ಟು ಬಗ್ಗಿಸಿ, ಬೆಳಕು ಹಾಳೆಯ ಮೇಲೆ ಓರೆಯಾಗಿ ಹರಿಯುವ ಹಾಗೆ ಮಾಡಿದಳು. ಒತ್ತಿ ಬರೆದ ಕೈ. ಪೆನ್ಸಿಲು ಹೋಗಿತ್ತು, ಹಾಳೆಯ ಮೇಲೆ ಒತ್ತಿದ ಗುಳಿ ಉಳಿದಿತ್ತು.

ಆಪರೇಟರಮ್ಮ ಬಗ್ಗಿ ಒಂದೊಂದೇ ಅಕ್ಷರ ಹಿಡಿದು ಓದಿದರು. "ಪುಸ್ತಕದಲ್ಲಿ ಸುಳ್ಳು ಬರೆದಿದಾರೆ. ಗಂಟೆ ಅಲ್ಲ. ಬಾವಿಗೆ ಇಳಿ. ದೀಪ ಆರಿಸಿ ಇಳಿ." ಅದರ ಕೆಳಗೆ ಇನ್ನೂ ಚಿಕ್ಕ, ಸೊಟ್ಟಸೊಟ್ಟ ಕೈ: "ಅಣ್ಣ ನಂಗೆ ಭಯ." ಮತ್ತೆ ಮೊದಲಿನ ಕೈ: "ನಾನಿದೀನಲ್ಲ, ಇಳಿ."

"ಬಾವಿ!" ಎಂದು ಮೆಕ್ಯಾನಿಕ್ ತೊಡೆ ತಟ್ಟಿಕೊಂಡರು. "ದೀಪ ಹಿಡ್ಕೊಂಡು ಹತ್ತು ಸಲ ನೋಡಿದೀನಿ ಆ ಬಾವೀನ. ಆರಿಸ್ಬೇಕು ಅಂತ ಯಾರಿಗೆ ಹೊಳೆಯುತ್ತೆ! ಆ ಹುಡುಗನ ಬುದ್ಧಿಗೆ ಏನು ಹೇಳ್ಬೇಕು!"

ಹೆಂಡತಿಗೆ ಮಾತ್ರ ಖುಷಿಯಾಗಿರಲಿಲ್ಲ. ಅವರು ಇನ್ನೂ ಆ ಚಿಕ್ಕ ಅಕ್ಷರಗಳ ಮೇಲೇ ಬೆರಳಿಟ್ಟಿದ್ದರು. "ಇದನ್ನ ಅಳಿಸೋಕೆ ಮನಸ್ಸು ಹೇಗೆ ಬಂತು? ಎಂಥ ಜನ, ಛೀ."

ಬೈಂಡರಮ್ಮ ದೀಪ ಆರಿಸಿದಳು. ಸುಮ್ಮನಿದ್ದರೆ ಇವರು ನಮಸ್ಕಾರ ಹೇಳಿ ಹೋಗುತ್ತಿದ್ದರು. ಆದರೆ ಆ ಛೀ ಅವಳ ಮುಖಕ್ಕೇ ಬಿದ್ದಿತ್ತು.

"ಅಳಿಸಿದ್ದು ನಾನು," ಎಂದಳು.

ಇಬ್ಬರೂ ಅವಳನ್ನು ನೋಡಿದರು. ಅವಳು ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆ ಎಳೆದು ತೋರಿಸಿದಳು. ತೊಳೆದ ಗೈಡುಗಳು ಒಂದು ಕಡೆ, ತೊಳೆಯದವು ಇನ್ನೊಂದು ಕಡೆ. ಯಾರು ತರುತ್ತಾರೆ, ಏನು ಮಾಡಿಸುತ್ತಾರೆ, ಎಲ್ಲ ಹೇಳಿದಳು. "ಯಾರೂ ಬಿಚ್ಚಿಲ್ಲ ಅಂತ ಮಾರ್ತಾನೆ ಅನ್ನೋದು ಗೊತ್ತಿರ್ಲಿಲ್ಲ," ಎಂದವಳೇ ತಡೆದಳು. "ಗೊತ್ತಿರ್ಲಿಲ್ಲ ಅಂದ್ರೆ, ಕೇಳಿರ್ಲಿಲ್ಲ."

ಆಪರೇಟರಮ್ಮ ಗೈಡನ್ನು ಚೀಲದೊಳಗಿಟ್ಟುಕೊಂಡರು. ಆಮೇಲೆ, "ನಮಗೆ ಮಾರಿದವನೂ ಅವನೇ. ಆ ಸಂತೆ ಹಾಲಲ್ಲಿ ಭಾನುವಾರ ಅವನ ಟೇಬಲ್ ಇರುತ್ತೆ. ನಾವು ಹೋಗಿ ಕೇಳ್ತೀವಿ. ನೀವೂ ಬರ್ತೀರಾ?" ಎಂದರು.

"ಬರ್ತೀನಿ."

ಆ ಹಾಲ್ ಮದುವೆಗೂ ಬಾಡಿಗೆಗೆ ಕೊಡುವಂಥದ್ದು. ಆವತ್ತು ಉದ್ದುದ್ದಕ್ಕೆ ಮೇಜು ಹಾಕಿ, ಹಳೆಯ ಗೇಮುಗಳನ್ನೂ ಗೈಡುಗಳನ್ನೂ ಜೋಡಿಸಿದ್ದರು. ನೆಲವೂ ಗಾಜಿನ ಹಾಗೆ ಹೊಳೆಯುತ್ತಿತ್ತು. ಇಷ್ಟೊಂದು ಆಟಗಳ ನಡುವೆ ಯಾರೂ ಆಡುತ್ತಿರಲಿಲ್ಲ. ಸಂಗ್ರಹಕ್ಕೆಂದೇ ಕೊಳ್ಳುವ ಕೆಲವರು ಬಿಳಿ ಕೈಗವಸು ಹಾಕಿಕೊಂಡು, ಶವಪೆಟ್ಟಿಗೆಯ ಮುಂದೆ ನಿಂತವರ ಹಾಗೆ ಪಿಸುಮಾತಿನಲ್ಲಿ ವಿಚಾರಿಸುತ್ತಿದ್ದರು. ಪಳಪಳನ ಮೇಜಿನ ಮೇಲೆ ಗೈಡುಗಳು ಸಾಲಾಗಿ, ಬಿಗಿಯಾದ ಪ್ಲಾಸ್ಟಿಕ್ಕಿನೊಳಗೆ ಉಸಿರುಗಟ್ಟಿ ನಿಂತಿದ್ದವು. ಒಂದೊಂದಕ್ಕೂ ಚಿನ್ನದ ಬಣ್ಣದ ದುಂಡು ಚೀಟಿ: ಎಂದೂ ಬಿಚ್ಚಿಲ್ಲ.

ಬೈಂಡರಮ್ಮ ಬೆನ್ನು ನೋಡಿಯೇ ಒಂದೊಂದರ ಗುರುತು ಹಿಡಿದಳು. ಇದರಲ್ಲಿ ಗಮ್ಮಿತ್ತು. ಇದು ನೀರಿಗೆ ಬಿದ್ದದ್ದು. ಅದರಲ್ಲಿ ಒಬ್ಬಳು ಹುಡುಗಿ ಎಲ್ಲ ರಾಕ್ಷಸರಿಗೂ ಮೀಸೆ ಬರೆದಿದ್ದಳು.

ಆಪರೇಟರಮ್ಮ ತಮ್ಮ ಗೈಡನ್ನು ಮೇಜಿನ ಮೇಲೆ ತೆರೆದಿಟ್ಟು, ಇಡೀ ಹಾಲಿಗೆ ಕೇಳುವ ಹಾಗೆ ಹೇಳಿದರು. "ಇದನ್ನ ಹೊಸದು ಅಂತ ನೀವೇ ಕೊಟ್ರಿ. ಇದ್ರಲ್ಲಿ ಮಕ್ಕಳು ಬರೆದಿದ್ದನ್ನ ಅಳಿಸಿದೀರಿ. ಮೂಲೆ ಅಂಟಿಸಿದೀರಿ. ಇದು ಮೋಸ ಅಲ್ವಾ?"

ಪಳಪಳ ಬೈಂಡರಮ್ಮನನ್ನು ನೋಡಿದ. ಮುಖದ ಒಂದು ಗೆರೆಯೂ ಕದಲಲಿಲ್ಲ. "ಮೇಡಮ್, ಬಿಚ್ಚಿದವರು ನೀವು. ಬಿಚ್ಚಿದ ಮೇಲೆ ನಾವು ಜವಾಬ್ದಾರರಲ್ಲ."

"ಬಿಚ್ಚದೆ ಓದೋದು ಹೇಗ್ರೀ?"

"ಓದೋಕೆ ಅಂತ ಯಾರು ಕೊಳ್ತಾರೆ ಮೇಡಮ್?" ಎಂದು ಅವನು ಸುತ್ತ ನಿಂತವರ ಕಡೆ ನೋಡಿ ನಕ್ಕ. ಅವರಲ್ಲಿ ಕೆಲವರು ನಕ್ಕರು.

ಬೈಂಡರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಸಾಲಿನಿಂದ ಒಂದು ಗೈಡು ತೆಗೆದಳು, ಉಗುರು ಹಾಕಿ ಪ್ಲಾಸ್ಟಿಕ್ಕನ್ನು ಪರ್ರನೆ ಸೀಳಿದಳು. ಯಾರೋ "ಅಯ್ಯೋ!" ಎಂದು ಕೂಗಿದರು. ಕೂಗಿದವನು ಬಿಳಿ ಕೈಗವಸಿನ ಒಬ್ಬ ಮಧ್ಯವಯಸ್ಕ. ಕೂಸೊಂದು ಮೆಟ್ಟಿಲಿಂದ ಉರುಳಿತೋ ಎಂಬಂತೆ ಎರಡೂ ಕೈ ಚಾಚಿ ಬಂದ.

"ನೋಡಿ," ಎಂದಳು ಅವಳು. "ಈ ಹೊಲಿಗೆ ನಂದು. ಈ ಹಾಳೆ ಬೇರೆ ಪುಸ್ತಕದ್ದು, ತಂದು ಸೇರಿಸಿದ್ದು ನಾನೇ. ಇಲ್ಲಿ ರಕ್ತ ಇತ್ತು, ತೊಳೆದಿದೀನಿ. ಇವೆಲ್ಲ ನನ್ನ ಕೋಣೆಯಿಂದ ಬಂದಿದ್ದು. ಒಂದೂ ಹೊಸದಲ್ಲ."

"ಅದೆಲ್ಲ ಇರಲಿ," ಎಂದ ಕೈಗವಸಿನವನು. ಕಣ್ಣಲ್ಲಿ ನೀರೇ ಬರುವ ಹಾಗಿತ್ತು. "ಬಿಚ್ಚಿಬಿಟ್ರಲ್ಲ!"

"ನಿಮ್ಮ ಮನೇಲಿರೋದೂ ಹೀಗೇ ಇದ್ರೆ?"

"ನಾನು ಬಿಚ್ಚೋದೇ ಇಲ್ಲವಲ್ಲ. ಬಿಚ್ಚಿದ್ರೆ ತಾನೇ ಗೊತ್ತಾಗೋದು?"

"ಆಟ ಆಡ್ತೀರಾ?"

"ಆಡೋಕೆ ಪುರುಸೊತ್ತೆಲ್ಲಿದೆ?" ಎಂದ ಅವನು, ಇಂಥ ಪ್ರಶ್ನೆಯನ್ನೂ ಕೇಳುತ್ತಾರೆಯೇ ಎಂಬ ಹಾಗೆ. ಆಮೇಲೆ ಅವಳ ಕೈ ಮತ್ತೆ ಸಾಲಿನತ್ತ ಹೋದೀತೆಂದು ಹೆದರಿ, ಪಕ್ಕದಲ್ಲಿದ್ದ ಗೈಡನ್ನು ಅವಳ ಕಣ್ಣೆದುರೇ ಎತ್ತಿಕೊಂಡು ಎದೆಗೊತ್ತಿಕೊಂಡ. "ಇದು ನನಗಿರಲಿ," ಎಂದು ಪಳಪಳನಿಗೆ ಹೇಳಿದ. ಅದು ಮೀಸೆ ರಾಕ್ಷಸರ ಗೈಡು.

ಜನ ಮೋಸ ಹೋಗುತ್ತಿದ್ದಾರೆ ಎಂದುಕೊಂಡು ಬೈಂಡರಮ್ಮ ಬಂದಿದ್ದಳು. ಇಲ್ಲಿ ನೋಡಿದರೆ ಮೋಸ ಹೋದವರೇ ಮೋಸವನ್ನು ಮುಚ್ಚಿಟ್ಟುಕೊಳ್ಳಲು ಕೈ ಚಾಚಿ ನಿಂತಿದ್ದರು. ಮೆಕ್ಯಾನಿಕ್ಕರು ಹೆಂಡತಿಯ ಕಿವಿಯ ಹತ್ತಿರ, ಆದರೆ ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿದರು. "ಯಾರೂ ಹತ್ತೋದೇ ಬೇಡ, ಆಗ ಲಿಫ್ಟು ಯಾವತ್ತೂ ಕೆಡಲ್ಲ. ನನಗೆ ಇಷ್ಟು ವರ್ಷ ಇದು ಹೊಳೀಲೇ ಇಲ್ಲ ನೋಡು."

ಮೂವರೂ ಬಾಗಿಲ ಕಡೆ ತಿರುಗಿದಾಗ ಪಳಪಳ ಮೇಜು ಸುತ್ತಿ ಬಂದು ಬೈಂಡರಮ್ಮನ ಪಕ್ಕ ನಿಂತ. ಕೋಪ ಇರಲಿಲ್ಲ, ದನಿಯಲ್ಲಿ ಎಣ್ಣೆ ಸುರಿಯುತ್ತಿತ್ತು. "ಅಕ್ಕಾ, ಸಿಟ್ಟಲ್ಲಿ ಏನೋ ಮಾಡಿದ್ರಿ, ಬಿಡಿ. ನಿಮ್ಮ ಕೈಕೆಲಸ ಅಷ್ಟು ಚೊಕ್ಕ ಇರೋದಕ್ಕೇ ಅಲ್ವಾ ಇವೆಲ್ಲ ನಡೀತಿರೋದು? ಬಿಚ್ಚಿದ್ರೂ ಯಾರಿಗೂ ಕಂಡುಹಿಡಿಯೋಕಾಗಲ್ಲ. ನಿಮ್ಮಷ್ಟು ಚೆನ್ನಾಗಿ ಮಾಡೋರು ಯಾರೂ ಇಲ್ಲ."

ಬೈಗುಳ ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಈ ಹೊಗಳಿಕೆ ಮೈಮೇಲೆ ಉಗುಳಿದ ಹಾಗಾಯಿತು. ಬಸ್ಸಿನಲ್ಲಿ ಮನೆಗೆ ಬರುವವರೆಗೂ ಅವಳು ಸೆರಗಿಗೆ ಅಂಗೈ ಒರೆಸಿಕೊಳ್ಳುತ್ತಲೇ ಇದ್ದಳು. ಪಕ್ಕದಲ್ಲಿ ಕೂತಿದ್ದ ಆಪರೇಟರಮ್ಮ ಗೈಡಿನ ಚೀಲವನ್ನು ಮಡಿಲಿಗೆ ಎಳೆದುಕೊಂಡರು.

"ಪುಸ್ತಕ ಹಿಂದಕ್ಕೆ ಕೊಟ್ಟು ದುಡ್ಡು ಕೇಳ್ಬೇಕಿತ್ತು," ಎಂದರು ಮೆಕ್ಯಾನಿಕ್, ಇಳಿಯುವ ಮುಂಚೆ.

"ಪುಸ್ತಕ ಯಾಕೆ ಕೊಡ್ಲಿ?" ಎಂದರು ಹೆಂಡತಿ. "ಇದು ಆ ಮಕ್ಕಳದ್ದು. ಸದ್ಯಕ್ಕೆ ನಮ್ಮದು."

ಮಾರನೆಯ ದಿನ ಬೈಂಡರಮ್ಮ ಪೆಟ್ಟಿಗೆ ಎದುರಿಗಿಟ್ಟುಕೊಂಡು ಕೂತಳು. ತೊಳೆದ ಗೈಡುಗಳಲ್ಲೊಂದನ್ನು ತೆಗೆದು, ದೀಪವನ್ನು ಓರೆ ಮಾಡಿ, ಪೆನ್ಸಿಲು ಹಿಡಿದು, ಅಳಿಸಿದ ಅಕ್ಷರದ ಗುಳಿಗಳ ಮೇಲೆ ನಿಧಾನವಾಗಿ ತಿದ್ದತೊಡಗಿದಳು. "ಇಲ್ಲಿ ಸತ್ತೆ" ಎಂಬಷ್ಟು ತಿದ್ದಿದ ಮೇಲೆ ಕೈ ನಿಂತಿತು. ಮಗುವಿನ ಅಕ್ಷರದ ವೇಷ ಹಾಕಿದ ತನ್ನ ಅಕ್ಷರ. ಪಳಪಳನ ಕೆಲಸಕ್ಕೂ ಇದಕ್ಕೂ ಏನು ಅಂತರ? ಅವನು ಮಕ್ಕಳು ಇರಲಿಲ್ಲ ಎಂದು ಸುಳ್ಳು ಹೇಳುತ್ತಾನೆ, ತಾನು ಮಕ್ಕಳೇ ಬರೆದರು ಎಂದು ಸುಳ್ಳು ಹೇಳಹೊರಟಿದ್ದಳು. ಅಸಹ್ಯವಾಯಿತು. ಪೆನ್ಸಿಲು ಕೆಳಗಿಟ್ಟಳು. ಹೋದದ್ದು ಹೋಯಿತು.

ವಾರದ ಕೊನೆಗೆ ಆಪರೇಟರಮ್ಮನ ಫೋನು ಬಂತು. "ಇಳಿದ್ವಿ ಕಣ್ರೀ! ದೀಪ ಆರಿಸಿ ಇಳಿದ್ವಿ. ಕತ್ತಲಲ್ಲಿ ಇವರು ನನ್ನ ಕೈ ಗಟ್ಟಿ ಹಿಡ್ಕೊಂಡು ಆಡೋದೇ ಬಿಟ್ಟಿದ್ರು. ನಾನೇ ಗುಂಡಿ ಒತ್ತಿದೆ." ಹಿಂದಿನಿಂದ ಮೆಕ್ಯಾನಿಕ್ಕರು "ಸುಳ್ಳು, ಸುಳ್ಳು" ಎಂದು ಕೂಗುವುದು ಕೇಳಿಸಿತು. ಬೈಂಡರಮ್ಮ ನಕ್ಕಳು. ನಕ್ಕು ಫೋನಿಟ್ಟ ಮೇಲೆ ಮತ್ತೆ ಮುಖ ಗಂಟಾಯಿತು, ಯಾಕೆಂದರೆ ಬಾಗಿಲಲ್ಲಿ ಪಳಪಳ ನಿಂತಿದ್ದ.

ಏನೂ ಆಗಿಲ್ಲವೆಂಬ ಹಾಗೆ ಅವನು ಪೆಟ್ಟಿಗೆ ಕೇಳಿದ. ಅವಳು ಆಗಲೇ ದಾರ ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು. ಅವನು ದಾರ ಸಡಿಲಿಸಿ ಮೇಲಿನ ಗೈಡು ತೆರೆದ. ಹಾಳೆಯ ನಡುವೆ ಮೂಗೊರೆಸಿದ ಕಲೆಗಳ ಸಾಲು. ಬೆಂಕಿ ಮುಟ್ಟಿದವನ ಹಾಗೆ ಕೈ ಹಿಂದೆಗೆದುಕೊಂಡ.

"ಏನಕ್ಕಾ ಇದು! ಕೆಲಸ ಪೂರ್ತಿ ಮಾಡೇ ಇಲ್ವಲ್ಲ. ಗಲೀಜೆಲ್ಲ ಹಾಗೇ ಇದೆ, ಥೂ."

"ಇರಲಿ. ಯಾರೋ ಮಗು ನೆಗಡಿ ಇದ್ರೂ ಬಿಡದೆ ಓದಿದೆ."

"ತಮಾಷೆ ಮಾಡ್ತಿದೀರಾ?"

"ಇಲ್ಲ. ನಾನು ಇನ್ನು ಮಾಡಲ್ಲ. ತಗೊಂಡು ಹೋಗಿ."

ಅವನು ಜೇಬಿನಿಂದ ಕರವಸ್ತ್ರ ತೆಗೆದು ಒಂದೊಂದೇ ಬೆರಳನ್ನು ಒರೆಸಿಕೊಂಡ. ಆ ಬೆಳ್ಳನೆಯ ವಸ್ತ್ರವನ್ನೂ ಆ ನುಣುಪು ಬೆರಳುಗಳನ್ನೂ ನೋಡುತ್ತಾ ನಿಂತ ಅವಳಿಗೆ ವಾಕರಿಕೆ ಬಂತು. "ಇಂಥ ಕೆಲಸ ಮಾಡೋರು ಬೇಕಾದಷ್ಟು ಜನ ಸಿಗ್ತಾರೆ," ಎಂದ ಅವನು. "ಸಿಗ್ತಾರೆ," ಎಂದಳು ಅವಳು.

ಸಿಕ್ಕರು ಕೂಡ. ಬಸ್ ನಿಲ್ದಾಣದ ಹಿಂದಿನ ಬೈಂಡರು ಆ ಪೆಟ್ಟಿಗೆ ಇಳಿಸಿಕೊಂಡನೆಂದು ಬೀಗದ ಕೈಯವನು ಸುದ್ದಿ ತಂದ. ಹಾಲಿನಲ್ಲಿ ಭಾನುವಾರದ ವ್ಯಾಪಾರವೂ ನಡೆದೇ ಇತ್ತು. ಬೈಂಡರಮ್ಮ ಕಚೇರಿಗಳ ಹಾಜರಿ ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸ ಹಿಡಿದಳು. ಬೇಸರದ ಕೆಲಸ, ಒಂದು ಮೀಸೆಯೂ ಇಲ್ಲದ ಹಾಳೆಗಳು.

ಒಂದು ಸಂಜೆ ಮಗಳು ಲ್ಯಾಬಿನಿಂದ ಬಂದು ಚಪ್ಪಲಿ ಬಿಡುತ್ತಾ ಕೇಳಿದಳು. "ನಮ್ಮ ಡಾಕ್ಟರ ಮಗಳಿಗೆ ಗೇಮ್ ಗೈಡು ಬೇಕಂತೆ ಅಮ್ಮ. ಹಳೇದು. ಈ ಕಾಲದಲ್ಲಿ ಅದನ್ನ ಕೊಂಡ್ರೆ ದುಡ್ಡು ದಂಡ ಅಂತ ಹೇಳಿದೆ. ಸರಿ ತಾನೇ?"

ಬೈಂಡರಮ್ಮ ಅಂಟಿನ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತಿದ್ದಳು. "ದಂಡ ಅಂತ ಯಾಕೆ ಹೇಳಿದೆ? ಕೊಳ್ಳಲಿ. ಅಂಗಡಿಯಲ್ಲೇ ಬಿಚ್ಚಿ ನೋಡಿ ಕೊಳ್ಳೋಕೆ ಹೇಳು. ಬಿಚ್ಚೋಕೆ ಬಿಡದೇ ಇದ್ರೆ ಎದ್ದು ಬರೋಕೆ ಹೇಳು."

"ಒಳಗೆ ಗಲೀಜಿದ್ರೆ?"

"ಕೈ ತೊಳ್ಕೊಂಡ್ರಾಯ್ತು," ಎಂದು ಅವಳು ಹಿಂದಿನ ನಲ್ಲಿಗೆ ಹೋದಳು. ಅಂಟು ಬೆರಳಿಗೆ ಒಣಗಿ ಹಿಡಿದಿತ್ತು, ಬಿಡಿಸಲು ಹೊತ್ತು ಹಿಡಿಯಿತು.